ಮೋತಿಗೆ ಸಿಟಿ ಬೇಕಂತ

ಗುರುವಾರ, 13 ನವೆಂಬರ್ 2025
ಕಲಬುರಗಿ

ಡ್ಯೂಟಿ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕಾಕಾ ಗೇಟಿಗೆ ಬಂದು ನಿಂತಿದ್ದರು. ಕೈಯಲ್ಲಿ ಅವರ ನಾಯಿ ಮೋತಿಯ ಫೈಲು.

"ತಂಗಿ, ದಿನಾ ಮಂದಿನ್ನ ಮಲಗಸ್ತೀಯಲ್ಲ, ಆ ಸಿಟಿ ಸ್ಕ್ಯಾನ್ ಮಷಿನ್‌ದಾಗ ನಮ್ಮ ಮೋತಿನ್ನ ಮಲಗಸಲಾಕ ಬರ್ತದೇನವಾ?"

ಬರಲ್ಲ ಕಾಕಾ, ಅದು ಮನುಷ್ಯರ ಆಸ್ಪತ್ರೆ ಅಂದೆ. ಅವರ ಮುಖ ನೋಡಿ, ಒಳಗೆ ಬರ್ರಿ ಅಂತ ಕರೆದು ಕೂಡಿಸಿದೆ.

ಮೋತಿ ಹಿಂಗಾಲು ಎಳೆಯೋದು ವಯಸ್ಸಿಗೆ ಅಂತ ಕಾಕು ಅಂತಿದ್ದಳು. ಹೋದ ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಫಿಟ್ಸ್ ಬಂದು ಅಂಗಳದಲ್ಲಿ ಬಿದ್ದ. ಶುಗರ್ 42. ಅಷ್ಟು ಇಳಿದಾಗ ಇನ್ಸುಲಿನ್ ಹೆಚ್ಚುಕಮ್ಮಿ ನಿಂತೇಬಿಡಬೇಕು, ರಿಪೋರ್ಟಿನಲ್ಲಿ ನೋಡಿದರೆ ಜಾಸ್ತಿ ಇದೆ. ಮೇದೋಜೀರಕದಲ್ಲಿ ಇನ್ಸುಲಿನ್ ಸುರಿಸಿ ಶುಗರ್ ಇಳಿಸೋ ಗಡ್ಡೆ ಇರಬಹುದು, ಇನ್ಸುಲಿನೋಮಾ, ಅಂದರಂತೆ ಡಾಕ್ಟರು. ಸೋನೋಗ್ರಫಿಯಲ್ಲಿ ಏನೂ ಕಾಣಲಿಲ್ಲ.

"ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲೇನು?"

ಅಲ್ಲ. ಅದನ್ನೇ ಹೇಳಬೇಕಿತ್ತು ನನಗೆ. ಫೈಲಿನ ಹಿಂದೆ ಪೆನ್ನಿನಿಂದ ಬರೆದು ತೋರಿಸಿದೆ: ಇದು ಜಠರ, ಇದು ಸಣ್ಣ ಕರುಳಿನ ಶುರು. ನಾಯಿಗೆ ಮೇದೋಜೀರಕ ಎರಡು ಕವಲಾಗಿ ಇರ್ತದೆ, ಒಂದು ಕರುಳಿನ ಗುಂಟ, ಇನ್ನೊಂದು ಜಠರದ ಹಿಂದೆ. ಗಡ್ಡೆ ಕೆಲವೊಮ್ಮೆ ತೊಗರಿಕಾಳಿಗಿಂತ ಚೂರು ದೊಡ್ಡದು, ಅಷ್ಟೇ. ಮೇಲೆ ಕರುಳಿನ ಗ್ಯಾಸು. ಸೋನೋಗ್ರಫಿಗೆ ಎಷ್ಟೋ ಸಲ ಸಿಗೋದಿಲ್ಲ.

ಸಿಟಿಯಲ್ಲಿ ಬಣ್ಣದ ಔಷಧ ನರಕ್ಕೆ ಬಿಟ್ಟ ಕೂಡಲೇ ಮೊದಲು ರಕ್ತ ಜಾಸ್ತಿ ಎಳೆದುಕೊಳ್ಳೋದು ಈ ಗಡ್ಡೆ. ಆ ಕೆಲವೇ ಸೆಕೆಂಡು ಸುತ್ತಲಿನ ಭಾಗಕ್ಕಿಂತ ಬೆಳ್ಳಗೆ ಕಾಣ್ತದೆ, ಆಮೇಲೆ ಎಲ್ಲ ಒಂದೇ ಬಣ್ಣ. ನಾಯಿಯ ಮೈ ಸಣ್ಣದು, ಎದೆ ಬಡಿತ ಜೋರು, ಹಾಗಾಗಿ ಆ ಹೊತ್ತು ನಮಗಿಂತ ಬೇಗ ಬಂದು ಹೋಗ್ತದೆ. ಕೆಲವು ಗಡ್ಡೆ ಮಾತ್ರ ತಡವಾಗಿಯೇ ಕಾಣೋದು, ಅದಕ್ಕೇ ಮೂರು ಹಂತದಲ್ಲಿ ತೆಗೀತಾರೆ. ನಾನು ದಿನವಿಡೀ "ಉಸಿರು ಎಳಕೋರಿ, ಹಿಡೀರಿ, ಬಿಡ್ರಿ" ಅಂತಿರ್ತೀನಿ. ಮೋತಿಗೆ ಹಾಗೆ ಹೇಳೋಕೆ ಬರ್ತದಾ? ಅವನಿಗೆ ಪೂರ್ತಿ ಅರಿವಳಿಕೆ ಬೇಕು.

ಕಾಕಾ ಪೆನ್ನಿನ ಗೆರೆಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. "ಬರೀ ನೋಡಲಿಕ್ಕ ಇಷ್ಟೆಲ್ಲ ಯಾಕವಾ? ಮುದುಕ ಆಗ್ಯಾನ."

ನೋಡಲೇಬೇಕು ಅನ್ನೋದು ನನ್ನ ಗಟ್ಟಿ ಮಾತು. ನಾಯಿಗಳಲ್ಲಿ ಈ ಗಡ್ಡೆ ಹೆಚ್ಚಾಗಿ ಕ್ಯಾನ್ಸರೇ. ಲಿವರಿಗೋ ಪಕ್ಕದ ಗ್ರಂಥಿಗಳಿಗೋ ಹೋಗಿದೆಯಾ ಅಂತ ಗೊತ್ತಾದರೆ ಸುಮ್ಮನೆ ಹೊಟ್ಟೆ ಕೊಯ್ಯೋದು ತಪ್ಪಬಹುದು. ಹೋಗಿಲ್ಲದಿದ್ದರೆ ಆಪರೇಷನ್ನಿನಿಂದ ಮೋತಿಗೆ ಒಳ್ಳೆಯ ದಿನಗಳು ಸಿಗಬಹುದು. ಇಲ್ಲವೆಂದರೆ ಶುಗರ್ ಏರಿಸೋ ಸ್ಟಿರಾಯ್ಡ್ ಪ್ರೆಡ್ನಿಸೊಲೋನ್, ನಾಲ್ಕೈದು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಊಟ.

ಕಾಕು ಬೆಲ್ಲ ತಿನ್ನಿಸ್ತಿದ್ದಾಳೆ ಅಂತ ಆಗ ಗೊತ್ತಾಯ್ತು. ಎದ್ದು ಅವರ ಮನೆಗೇ ಹೋದೆ. ಬಿದ್ದಾಗ ಒಸಡಿಗೆ ಚೂರು ಜೇನು ಸವರು, ಎಚ್ಚರಾದ ಮೇಲೆ ಊಟ ಹಾಕು, ದಿನಾ ಬೆಲ್ಲ ಬೇಡ, ಸಿಹಿ ಹೋದಷ್ಟೂ ಗಡ್ಡೆ ಇನ್ನೂ ಇನ್ಸುಲಿನ್ ಬಿಡ್ತದೆ ಅಂದೆ. "ಪ್ರೀತಿಲೇ ಕೊಟ್ಟಿದ್ದೆ" ಅಂದಳು. ಗೊತ್ತು ಕಾಕು.

ಅವ್ವ ಊರಿಂದ ಫೋನ್ ಮಾಡಿದ್ದಳು. ತೊಗರಿ ಹೂ ಉದುರ್ತಿದೆಯಂತೆ. ಪೂರ್ತಿ ಕೇಳಿಸಿಕೊಳ್ಳೋಕೂ ಆಗಲಿಲ್ಲ.

ಹೈದರಾಬಾದಿಗೆ ಹೋಗೋಣ ಅಂತಾರೆ ಕಾಕಾ, ನಾಲ್ಕೈದು ತಾಸಿನ ದಾರಿ. ಅರಿವಳಿಕೆ ಅಂದರೆ ಖಾಲಿ ಹೊಟ್ಟೆ, ಇವನಿಗೆ ಖಾಲಿ ಹೊಟ್ಟೆ ಅಂದರೆ ಮತ್ತೆ ಫಿಟ್ಸು. ಡೆಕ್ಸ್‌ಟ್ರೋಸ್ ಅಂದರೆ ಸಕ್ಕರೆ ನೀರಿನ ಡ್ರಿಪ್ ಹಾಕಿಯೇ ಕಾರಿನಲ್ಲಿ ಕರೆದೊಯ್ಯೋಕೆ ಆಗ್ತದಾ, ಇಲ್ಲ ಹಿಂದಿನ ದಿನವೇ ಅಲ್ಲಿ ಹೋಗಿ ಉಳಿಯಬೇಕಾ, ನಾಳೆ ಡಾಕ್ಟರನ್ನ ಕೇಳಬೇಕು. ಶನಿವಾರ ರಜೆ ಸಿಕ್ಕರೆ ನಾನೂ ಹೋಗ್ತೀನಿ. ಸಿಗದಿದ್ದರೆ ಕಾಕಾ ಒಬ್ಬರೇ ಆ ನಾಯಿ ಹಿಡಕೊಂಡು