ತೂಬಿಲ್ಲದ ಕಟ್ಟೆ: ನೀರಿನ ನೆಲೆಗಳ ಆಂಟಾಲಜಿ, ನಾಲ್ಕನೆಯ ತಿಂಗಳು

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಕೆರೆ, ಕಟ್ಟೆ, ಹೊಂಡಗಳನ್ನು ಕಂಪ್ಯೂಟರು ತರ್ಕಿಸಬಲ್ಲ ರೂಪದಲ್ಲಿ, ಅಂದರೆ ವಸ್ತುಗಳ ಬಗೆಗಳನ್ನೂ ಸಂಬಂಧಗಳನ್ನೂ ನಿಖರವಾಗಿ ನಮೂದಿಸುವ ಆಂಟಾಲಜಿಯಾಗಿ, ಬರೆದಿಡುವ ನನ್ನ ಕೆಲಸಕ್ಕೆ ಈ ವಾರ ನಾಲ್ಕು ತಿಂಗಳು ತುಂಬಿತು. ಬರೆಯುತ್ತಿರುವುದು 2004ರಲ್ಲಿ ಮಾನಕವಾಗಿ, 2009ರಲ್ಲಿ ವಿಸ್ತಾರಗೊಂಡ ಓಡಬ್ಲ್ಯುಎಲ್ (ವೆಬ್ ಆಂಟಾಲಜಿ ಲ್ಯಾಂಗ್ವೇಜ್) ಭಾಷೆಯಲ್ಲಿ; ಬಳಸುತ್ತಿರುವ ತಂತ್ರಾಂಶ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಟೆಜೆ; ಬರೆದದ್ದರಿಂದ ಏನೇನು ಸಿದ್ಧವಾಗುತ್ತದೆ ಎಂದು ತೀರ್ಮಾನಿಸುವುದು ಹರ್ಮಿಟ್ ಎಂಬ ರೀಸನರ್.

ಮೊದಲ ತಿಂಗಳ ತಪ್ಪನ್ನು ಇಲ್ಲಿ ದಾಖಲಿಸಬೇಕು. ಕೆರೆ ಎಂಬ ವರ್ಗದ ಕೆಳಗೆ ಏರಿ, ತೂಬು, ಕೋಡಿಗಳನ್ನು ಉಪವರ್ಗಗಳಾಗಿ ಇರಿಸಿದ್ದೆ. ಮರದ ಚಿತ್ರ ನೋಡಲು ಚೆನ್ನಾಗಿತ್ತು, ಆದರೆ ತರ್ಕದ ಕಣ್ಣಿನಲ್ಲಿ ಅದರ ಅರ್ಥ ಪ್ರತಿಯೊಂದು ತೂಬೂ ಒಂದು ಕೆರೆ ಎಂದಾಗಿತ್ತು. ಒಂದು ವಸ್ತು ಇನ್ನೊಂದರ ಬಗೆಯಾಗಿರುವುದು ಬೇರೆ, ಭಾಗವಾಗಿರುವುದು ಬೇರೆ. ಜ್ಞಾನವನ್ನು ಜಾಲವಾಗಿ ಬರೆಯುವವರು ಒಂದೇ ಬಗೆಯ ಗೆರೆಗೆ ಹಲವು ಅರ್ಥಗಳನ್ನು ಹೊರಿಸುವುದನ್ನು ವಿಲಿಯಂ ವುಡ್ಸ್ 1975ರಲ್ಲಿಯೂ ರೊನಾಲ್ಡ್ ಬ್ರಾಕ್‌ಮನ್ 1983ರಲ್ಲಿಯೂ ಎತ್ತಿ ತೋರಿಸಿದ್ದರು. ಈಗ ಏರಿ, ತೂಬು, ಕೋಡಿಗಳು ತಮ್ಮದೇ ಬೇರೆ ಕೊಂಬೆಯಲ್ಲಿವೆ.

ಎರಡನೆಯ ತೊಡಕು ದುರ್ಗದ ಕೋಟೆಯ ಹೊಂಡಗಳಲ್ಲಿ ಎದುರಾಯಿತು. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೂ ಇಳಿಯುವಂತೆ ಹಿಂದಿನವರು ಕಟ್ಟಿದ್ದಾರೆ. ಇದನ್ನು ಬರೆಯಲು ‘ಹರಿಯುತ್ತದೆ’ ಎಂಬ ಒಂದೇ ಸಂಬಂಧವನ್ನು ಮಾಡಿ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹರಿದರೆ ಒಂದರಿಂದ ಮೂರಕ್ಕೂ ಹರಿದಂತೆ ಎಂಬ ನಿಯಮವನ್ನು ಅದಕ್ಕೆ ಹಚ್ಚಿದೆ. ಜೊತೆಗೆ, ಒಂದು ಹೊಂಡದ ನೀರು ಹೆಚ್ಚೆಂದರೆ ಒಂದೇ ಹೊಂಡಕ್ಕೆ ಹರಿಯುತ್ತದೆ ಎಂಬ ಎಣಿಕೆಯ ಮಿತಿಯನ್ನೂ ಹಾಕಿದೆ. ಹರ್ಮಿಟ್ ಕಡತವನ್ನೇ ತಿರಸ್ಕರಿಸಿತು. ಹೀಗೆ ಸರಪಳಿಯಾಗಿ ಸಾಗುವ ಸಂಬಂಧದ ಮೇಲೆ ಎಣಿಕೆಯ ಮಿತಿ ಹೇರಲು ಬಿಟ್ಟರೆ, ಲೆಕ್ಕ ಎಂದಾದರೂ ಮುಗಿದು ಉತ್ತರ ಬಂದೇ ಬರುತ್ತದೆ ಎಂಬ ಖಾತರಿ ಉಳಿಯುವುದಿಲ್ಲವಾದ್ದರಿಂದ ಭಾಷೆಯೇ ಅದನ್ನು ನಿಷೇಧಿಸಿದೆ. ಸಂಬಂಧವನ್ನು ಎರಡಾಗಿ ಒಡೆದೆ: ‘ನೇರವಾಗಿ ಹರಿಯುತ್ತದೆ’ ಎಂಬುದಕ್ಕೆ ಎಣಿಕೆಯ ಮಿತಿ, ಅದನ್ನು ಒಳಗೊಳ್ಳುವ ‘ಹರಿದು ಸೇರುತ್ತದೆ’ ಎಂಬುದಕ್ಕೆ ಸರಪಳಿ. ಗೋಪಾಲಸ್ವಾಮಿ ಹೊಂಡದ ನೀರು ಸಂತೆ ಹೊಂಡವನ್ನು ಸೇರುತ್ತದೆ ಎಂದು ನಾನು ಎಲ್ಲಿಯೂ ಬರೆಯದಿದ್ದರೂ ಹರ್ಮಿಟ್ ತಾನಾಗಿ ಹೇಳಿದ ಆ ಸಂಜೆ ನನಗೆ ನಿಜವಾದ ಸಂತೋಷವಾಯಿತು.

ಈ ತಿಂಗಳೆಲ್ಲ ಹಿಡಿದದ್ದು ಗೋಕಟ್ಟೆ. ನಮ್ಮ ಕಡೆಯ ಒಬ್ಬ ಹಿರಿಯ ನೀರುಗಂಟಿಯವರು ಕೊಟ್ಟ ಲಕ್ಷಣ ಸರಳವಾಗಿತ್ತು: ತೂಬಿದ್ದು ಗದ್ದೆಗೆ ನೀರು ಬಿಟ್ಟರೆ ಕೆರೆ, ತೂಬಿಲ್ಲದೆ ದನಕರುಗಳಿಗೆ ನೀರು ನಿಲ್ಲಿಸಿದರೆ ಗೋಕಟ್ಟೆ. ಅದನ್ನೇ ವ್ಯಾಖ್ಯೆಯಾಗಿ ಬರೆದೆ. ಹಲವು ಕಟ್ಟೆಗಳ ವಿವರದಲ್ಲಿ ತೂಬಿನ ಮಾತೇ ಇರಲಿಲ್ಲ, ಆದ್ದರಿಂದ ಅವೆಲ್ಲ ಗೋಕಟ್ಟೆಗಳ ಪಟ್ಟಿಗೆ ಬರುತ್ತವೆಂದು ನಿರೀಕ್ಷಿಸಿದೆ, ಒಂದೂ ಬರಲಿಲ್ಲ. ಸಾಮಾನ್ಯ ಡೇಟಾಬೇಸಿನಲ್ಲಿ ದಾಖಲಾಗದ್ದು ಇಲ್ಲವೆಂದೇ ಲೆಕ್ಕ. ಓಡಬ್ಲ್ಯುಎಲ್‌ನ ತರ್ಕದಲ್ಲಿ ದಾಖಲಾಗದ್ದು ಕೇವಲ ತಿಳಿಯದ್ದು. ತೂಬು ಇಲ್ಲವೆಂದು ಯಾರಾದರೂ ಹೇಳುವ ತನಕ ಅದು ಇರಲೂಬಹುದು. ಮೊದಲಿಗೆ ಇದು ನನಗೆ ಭಾಷೆಯ ಕೊರತೆಯಾಗಿಯೇ ಕಂಡಿತ್ತು.

ಅಭಿಪ್ರಾಯ ಬದಲಾದದ್ದು ಹೊಳಲ್ಕೆರೆ ತಾಲ್ಲೂಕಿನ ಒಂದು ಕಟ್ಟೆಯ ಏರಿಯ ಮೇಲೆ. ನಕ್ಷೆಯನ್ನು ನೋಡಿ ಅದಕ್ಕೆ ತೂಬಿಲ್ಲವೆಂದು ನಂಬಿದ್ದೆ. ಜೊತೆಗೆ ಬಂದಿದ್ದ ಅದೇ ಹಿರಿಯರು ಒಳಬದಿಗೆ ಇಳಿದು, ಹೂಳಿನಿಂದ ಗೇಣುದ್ದ ಮೇಲೆದ್ದಿದ್ದ ಎರಡು ಕಲ್ಲುಗಳನ್ನು ತೋರಿಸಿದರು. ಅವು ತೂಬಿನ ಕಂಬಗಳು. ಒಂದು ಕಾಲಕ್ಕೆ ಗದ್ದೆಗೆ ನೀರುಣಿಸುತ್ತಿದ್ದ ಕೆರೆ ಹೂಳು ತುಂಬಿ ದನದ ಕಟ್ಟೆಯಂತೆ ನಿಂತಿತ್ತು. ನಾನು ಬಯಸಿದಂತೆ ಯಂತ್ರ ಅವಸರದಿಂದ ತೀರ್ಮಾನಿಸಿದ್ದರೆ ನನ್ನ ಕಡತದಲ್ಲಿ ಆ ಕೆರೆ ಕೆರೆಯಾಗಿ ಉಳಿಯುತ್ತಿರಲಿಲ್ಲ. ಈಗ ಏರಿಯ ಉದ್ದಕ್ಕೂ ನಡೆದು ನೋಡಿ ಬಂದ ಮೇಲೆಯೇ ‘ತೂಬು ಸೊನ್ನೆ’ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಅದು ಬರೆದ ಕೂಡಲೇ ಹರ್ಮಿಟ್ ಆ ಕಟ್ಟೆಯನ್ನು ಗೋಕಟ್ಟೆಗಳ ಸಾಲಿಗೆ ಸೇರಿಸುತ್ತದೆ.

ಇದೇ ಸ್ವಭಾವದ ಇನ್ನೊಂದು ಮುಖ ಹೆಸರುಗಳಲ್ಲಿದೆ. ಎರಡು ಹೆಸರುಗಳಿದ್ದ ಮಾತ್ರಕ್ಕೆ ಎರಡು ವಸ್ತುಗಳೆಂದು ಈ ತರ್ಕ ಭಾವಿಸುವುದಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಜಲಾಶಯವನ್ನು ವಾಣಿವಿಲಾಸ ಸಾಗರವೆಂದೂ ಮಾರಿಕಣಿವೆಯೆಂದೂ ಕರೆಯುವ ನಮಗೆ ಇದು ಅನುಕೂಲವೇ. ಸೂಳೆಕೆರೆಯ ವಿಷಯದಲ್ಲಿ ಮಾತ್ರ ಕಷ್ಟವಾಯಿತು. ಆ ಕೆರೆಯಿರುವ ಚನ್ನಗಿರಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವ ಮುನ್ನ ಶಿವಮೊಗ್ಗದಲ್ಲಿತ್ತಾದ್ದರಿಂದ ಎರಡೂ ಜಿಲ್ಲೆಗಳನ್ನು ಬರೆದಿದ್ದೆ, ಒಂದು ಕೆರೆಗೆ ಒಂದೇ ಜಿಲ್ಲೆ ಎಂಬ ನಿಯಮವೂ ಇತ್ತು. ಅವೆರಡನ್ನೂ ಉಳಿಸಿಕೊಳ್ಳಲು ಹರ್ಮಿಟ್, ಶಿವಮೊಗ್ಗ ಮತ್ತು ದಾವಣಗೆರೆ ಒಂದೇ ಜಿಲ್ಲೆಯ ಎರಡು ಹೆಸರುಗಳೆಂದು ತೀರ್ಮಾನಿಸಿತು. ಜಿಲ್ಲೆಗಳೆಲ್ಲ ಪರಸ್ಪರ ಬೇರೆ ಎಂದು ಬರೆದಾಗ ಕಡತದಲ್ಲಿ ವಿರೋಧ ಎದ್ದಿತು. ಈ ಭಾಷೆಯ ಸಂಬಂಧ ಎರಡೇ ವಸ್ತುಗಳನ್ನು ಬೆಸೆಯುತ್ತದೆ, ಕಾಲಕ್ಕೆ ಅಲ್ಲಿ ಮೂರನೆಯ ಜಾಗವಿಲ್ಲ. ಹಾಗಾಗಿ ‘ಆಡಳಿತಾವಧಿ’ ಎಂಬ ವರ್ಗವನ್ನೇ ಹೊಸದಾಗಿ ಮಾಡಿ, ಕೆರೆ, ಜಿಲ್ಲೆ, ಆರಂಭದ ವರ್ಷ ಮೂರನ್ನೂ ಅದಕ್ಕೆ ಜೋಡಿಸುತ್ತಿದ್ದೇನೆ.

ಇದುವರೆಗೆ ಒಂಬತ್ತು ಕಟ್ಟೆಗಳು ಗೋಕಟ್ಟೆಗಳೆಂದು ನಿರ್ಣಯವಾಗಿವೆ. ಉಳಿದವು ಬರಿಯ ಕಟ್ಟೆಗಳಾಗಿಯೇ ಇವೆ. ಬರುವ ಭಾನುವಾರ ಹೊಸದುರ್ಗದ ಕಡೆಯ ನಾಲ್ಕನ್ನು ನೋಡಿ ಬರಬೇಕು.