ಬಸ್ಸಲ್ಲಿ ಎರಡು ಗಂಟೆಯ ದಾರಿಗೆ ರೈಲಲ್ಲಿ ಐದು ಗಂಟೆ ಯಾಕೆ?

ನೀಲಗಿರಿ ರೈಲಿಗೆ ಹೋಗಿ ಬಂದೆ ಅಂದಾಗಲೆಲ್ಲ ಇದೇ ಪ್ರಶ್ನೆ. ಮನೆಯಲ್ಲಿ, ಆಫೀಸಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ. ಮೆಟ್ಟುಪಾಳ್ಯಂನಿಂದ ಊಟಿಗೆ ಬಸ್ಸಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ ಸಾಕು. ಬೆಳಿಗ್ಗೆ ಏಳು ದಾಟಿದ ಮೇಲೆ ಹೊರಡುವ ರೈಲು ಊಟಿ ಸೇರುವಾಗ ಮಧ್ಯಾಹ್ನವೇ ಆಗಿರುತ್ತದೆ. ದೂರ ಎಷ್ಟು? ಬರೀ 46 ಕಿಲೋಮೀಟರ್. ‘ಅಷ್ಟು ಹೊತ್ತು ಅದರಲ್ಲಿ ಕೂತು ಏನು ಮಾಡ್ತೀರಿ?’

ಕೇಳ್ತೀವಿ. ಇದೇ ನನ್ನ ಉತ್ತರ. ಒಂದು ಇಂಜಿನ್ ಬೆಟ್ಟ ಹತ್ತುವುದನ್ನು ಕಿವಿಯಲ್ಲಿ ಕೇಳ್ತೀವಿ.

ಕಳೆದ ಸಲ ಒಂಬತ್ತು ಜನ ಹೋಗಿದ್ದೆವು, ಎಲ್ಲರೂ ರೈಲು ಅಂದರೆ ಪ್ರಾಣ ಬಿಡುವವರು. ನಮ್ಮಲ್ಲೇ ಹಿರಿಯರೊಬ್ಬರು ಗಾರ್ಡ್ ಆಗಿ ನಿವೃತ್ತರಾದವರು. ರಾತ್ರಿ ಪ್ರಯಾಣ ಮಾಡಿ ಕೊಯಮತ್ತೂರಿಗೆ ಬಂದು, ಕತ್ತಲಲ್ಲೇ ಮೆಟ್ಟುಪಾಳ್ಯಂ ಸೇರಿ, ಕಾಫಿ ಕುಡಿದು ಇಂಜಿನ್ ಪಕ್ಕ ನಿಂತೆವು. ರೈಲು ಹೊರಟು ಭವಾನಿ ನದಿ ದಾಟಿ ಅಡಿಕೆ ತೋಟಗಳ ನಡುವೆ ಸಾಗುತ್ತದೆ. ಅಲ್ಲಿಯವರೆಗೆ ಎಲ್ಲ ರೈಲಿನ ಹಾಗೇ. ಕಲ್ಲಾರ್ ಸ್ಟೇಷನ್ ಬಿಟ್ಟ ಕೂಡಲೇ ಕತೆ ಬೇರೆ.

ಅಲ್ಲಿಂದ ಕೂನೂರಿನವರೆಗೆ, ಸುಮಾರು 20 ಕಿಲೋಮೀಟರ್, ಎರಡು ಹಳಿಗಳ ನಡುವೆ ಹಲ್ಲಿರುವ ಎರಡು ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಏರು ಎಷ್ಟೆಂದರೆ 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ 50ಕ್ಕೆ 1, ಅದಕ್ಕೇ ಗೂಡ್ಸ್ ರೈಲಿಗೆ ಎರಡು ಮೂರು ಇಂಜಿನ್ ಬೇಕಾಗುತ್ತದೆ, ಅಲ್ವಾ? 12ಕ್ಕೆ 1 ಅಂದರೆ ಬರೀ ಚಕ್ರವನ್ನು ನಂಬುವ ಹಾಗಿಲ್ಲ, ಜಾರುತ್ತದೆ. ಹಾಗಾಗಿ ಇಂಜಿನ್ನಿನ ಹೊಟ್ಟೆಯ ಕೆಳಗಿರುವ ಹಲ್ಲಿನ ಚಕ್ರ ಆ ಪಟ್ಟಿಯನ್ನು ಕಚ್ಚಿ ಹಿಡಿದು ಹತ್ತುತ್ತದೆ. ಎರಡು ಪಟ್ಟಿಗಳ ಹಲ್ಲುಗಳು ಒಂದರ ಪಕ್ಕ ಒಂದು ಇಲ್ಲ, ಒಂದರ ಹಲ್ಲಿನ ಎದುರು ಇನ್ನೊಂದರ ಸಂದು ಬರುತ್ತದೆ. ಯಾವ ಕ್ಷಣದಲ್ಲೂ ಹಿಡಿತ ತಪ್ಪಬಾರದು ಅಂತ.

ಎಕ್ಸ್ ಕ್ಲಾಸ್ ಅನ್ನುವ ಮಾದರಿಯ ಈ ಹಬೆ ಇಂಜಿನ್‌ಗೆ, ಹಬೆಯ ಒತ್ತಡದಿಂದ ಚಕ್ರ ತಿರುಗಿಸುವ ಸಿಲಿಂಡರ್ ನಾಲ್ಕು. ಕೆಳಗಿನ ಎರಡು ಮಾಮೂಲಿ ಚಕ್ರಕ್ಕೆ, ಮೇಲಿನ ಎರಡು ಹಲ್ಲಿನ ಚಕ್ರಕ್ಕೆ. ಕಲ್ಲಾರ್ ದಾಟಿದ ಮೇಲೆ ಕೆಳಗೆ ಕೆಲಸ ಮಾಡಿದ ಹಬೆ ಸುಮ್ನೆ ಹೊರಗೆ ಹೋಗುವುದಿಲ್ಲ, ಮೇಲಿನ ಸಿಲಿಂಡರ್‌ಗೆ ಹೋಗಿ ಇನ್ನೊಂದು ಸಲ ದುಡಿಯುತ್ತದೆ. ಆಗ ಸದ್ದೇ ಬದಲಾಗುತ್ತದೆ. ಅಷ್ಟು ಹೊತ್ತು ಉಸಿರಾಡಿದಂತಿದ್ದದ್ದು ಬೇಗಬೇಗನೆ ಏದುಸಿರು ಬಿಟ್ಟಂತೆ ಆಗುತ್ತದೆ. ವೇಗ ಗಂಟೆಗೆ 13 ಕಿಲೋಮೀಟರ್‌ಗಿಂತ ಜಾಸ್ತಿ ಇಲ್ಲ. ಅಂಥ ಏರಿನಲ್ಲಿ ಅದಕ್ಕಿಂತ ಬೇಗ ಹೋಗಲು ಬರುವುದಿಲ್ಲ. ಐದು ಗಂಟೆಗೆ ಅರ್ಧ ಕಾರಣ ಇದು. ಇನ್ನರ್ಧ ನೀರು. ಹಿಲ್‌ಗ್ರೋವ್‌ನಂಥ ಕಡೆ ನಿಂತು ಇಂಜಿನ್ ನೀರು ಕುಡಿಯಲೇಬೇಕು. ಆಗ ಎಲ್ಲರೂ ಇಳಿಯುತ್ತಾರೆ, ಟೀ ಕುಡಿಯುತ್ತಾರೆ, ಕೋತಿಗಳಿಂದ ವಡೆ ಕಾಪಾಡಿಕೊಳ್ಳುತ್ತಾರೆ.

ಹತ್ತುವಾಗ ಇಂಜಿನ್ ಹಿಂದೆ ಇರುತ್ತದೆ, ಬೋಗಿಗಳನ್ನು ತಳ್ಳುತ್ತದೆ. ಕೊಂಡಿ ಕಳಚಿದರೂ ಬೋಗಿ ಹಿಂದಕ್ಕೆ ಉರುಳಿ ಹೋಗದಿರಲಿ ಅಂತ. ಆದರೆ ಡ್ರೈವರ್‌ಗೆ ಮುಂದಿನ ದಾರಿ ಕಾಣುವುದಿಲ್ಲವಲ್ಲ! ಅದಕ್ಕೆ ಪ್ರತಿ ಬೋಗಿಯಲ್ಲಿ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾರೆ. ಮುಂದಿನವರು ಬಾವುಟ ತೋರಿಸಿದರೆ ಅವರ ಹಿಂದಿನವರು ತೋರಿಸುತ್ತಾರೆ, ಹಾಗೇ ಇಂಜಿನ್‌ವರೆಗೆ. ನಮ್ಮ ಗಾರ್ಡ್ ಹಿರಿಯರು ಕಿಟಕಿಯಿಂದ ಒಂದು ಮಾತೂ ಆಡದೆ ಇದನ್ನೇ ನೋಡುತ್ತಿದ್ದರು. ‘ನೋಡಪ್ಪಾ, ಕೈಯಿಂದ ಕೈಗೆ ರೈಲು ಹೋಗ್ತಿದೆ’ ಅಂದರು ಕೊನೆಗೆ. ಕಣ್ಣು ತುಂಬಿತ್ತು.

ಕೂನೂರಿನವರೆಗಿನ ಹಳಿ 1899ರಲ್ಲಿ ಶುರುವಾದದ್ದು, ಊಟಿ ಮುಟ್ಟಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನಾನು ಬೆಳೆದದ್ದು ಮೈಸೂರಿನ ರೈಲ್ ಮ್ಯೂಸಿಯಂನಲ್ಲಿ ನಿಂತ ಇಂಜಿನ್‌ಗಳನ್ನು ಮುಟ್ಟಿ ನೋಡುತ್ತಾ. ಅವು ತಣ್ಣಗಿರುತ್ತವೆ. ಇದು ಬಿಸಿ, ಎಣ್ಣೆ ವಾಸನೆ, ದಿನಾ ದುಡಿಮೆ. ಹಳೆಯ ಇಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್‌ನಿಂದ ಬಂದವು. ಅದೇ ನಮೂನೆಯ ಹೊಸ ಇಂಜಿನ್‌ಗಳನ್ನು ಈಗ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯವರು ತಾವೇ ಕಟ್ಟಿದ್ದಾರೆ. ಅವರಿಗೆ ಎಷ್ಟು ಕೈ ಮುಗಿದರೂ ಕಡಿಮೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಕಡೆಯವರಿಗೆ ಒಂದು ಮಾತು. ನಾವು ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿನ ಕಡೆಯಿಂದ ಊಟಿಗೆ ಹೋಗುವವರು. ಊಟಿಯಿಂದ ಕೂನೂರಿಗೆ ಒಂದು ಸುತ್ತು ಹೋಗಿ ಬಂದು ‘ಟಾಯ್ ಟ್ರೇನ್ ಆಯ್ತು’ ಅಂತೀವಿ. ಅದೂ ಚೆಂದವೇ, ಟೀ ತೋಟ, ಕೇತ್ತಿ ಕಣಿವೆ ಎಲ್ಲ ಸಿಗುತ್ತದೆ. ಆದರೆ ಅಲ್ಲಿ ಹಲ್ಲುಪಟ್ಟಿ ಇಲ್ಲ, ಸಾಮಾನ್ಯವಾಗಿ ಎಳೆಯುವುದು ಡೀಸೆಲ್ ಇಂಜಿನ್. ನಾನು ಹೇಳುತ್ತಿರುವ ರೈಲು ಕೂನೂರಿನ ಕೆಳಗಿದೆ.

ಟಿಕೆಟ್ ಬೇಗ ಖಾಲಿಯಾಗುತ್ತದೆ, ಮೊದಲೇ ಮಾಡಿಸಿ. ಜೋರು ಮಳೆಗಾಲದಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದುಂಟು, ವಿಚಾರಿಸಿಕೊಂಡು ಹೊರಡಿ. ಹತ್ತುವಾಗ ಎಲ್ಲರೂ ಮುಂದಿನ ಬೋಗಿಗೆ ಓಡುತ್ತಾರೆ, ನೋಟ ಚೆನ್ನಾಗಿದೆ ಅಂತ. ನೀವು ಹಿಂದಿನ ಬೋಗಿ ಹಿಡಿಯಿರಿ, ಇಂಜಿನ್‌ಗೆ ಅಂಟಿಕೊಂಡಿರುವುದನ್ನು. ಕಲ್ಲಾರ್ ಬಿಟ್ಟಾಗ ಕಿಟಕಿ ತೆರೆದಿಟ್ಟು, ಎರಡು ನಿಮಿಷ ಮಾತು ನಿಲ್ಲಿಸಿ.