ರಾಕೆಟ್ ಸಿಂಗ್‌ನ ಅಂಗಡಿ ಲೆಕ್ಕ

‘ರಾಕೆಟ್ ಸಿಂಗ್: ಸೇಲ್ಸ್‌ಮನ್ ಆಫ್ ದಿ ಇಯರ್’ ತೆರೆಗೆ ಬಂದದ್ದು 2009ರ ಡಿಸೆಂಬರ್ 11ರಂದು. ‘ಚಕ್ ದೇ ಇಂಡಿಯಾ’ ನಿರ್ದೇಶಿಸಿದ್ದ ಶಿಮಿತ್ ಅಮೀನ್, ಅದನ್ನು ಬರೆದಿದ್ದ ಜೈದೀಪ್ ಸಾಹ್ನಿ, ಬೆನ್ನಿಗೆ ಯಶ್ ರಾಜ್ ಫಿಲ್ಮ್ಸ್, ಪೇಟ ಸುತ್ತಿದ ರಣಬೀರ್ ಕಪೂರ್. ಇಷ್ಟಿದ್ದೂ ಗಲ್ಲಾಪೆಟ್ಟಿಗೆಯಲ್ಲಿ ದೊಡ್ಡ ಸದ್ದು ಮಾಡಲಿಲ್ಲ. ಪ್ರೇಮಕಥೆ ನೆಪಕ್ಕೆ, ಹಾಡು ಬೆರಳೆಣಿಕೆ, ಮಿಕ್ಕದ್ದೆಲ್ಲ ಆಫೀಸು, ಫೋನು, ಟಾರ್ಗೆಟ್ಟು, ಬೈಗುಳ. ಸೇಲ್ಸ್ ಲೈನಿನವರಿಗೆ ಮಾತ್ರ ಈ ಚಿತ್ರ ಹಳತಾಗಿಲ್ಲ.

ಪ್ರಾಮಾಣಿಕನೇ ಗೆಲ್ಲುತ್ತಾನೆ ಅನ್ನುವ ಕಥೆ ಇದು ಅಂತ ಹೆಚ್ಚಿನವರು ಹೇಳುತ್ತಾರೆ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಮಾರುವಾಗ ಕೊಟ್ಟ ಮಾತಿಗೆ ಖರ್ಚು ಯಾರದು? ಚಿತ್ರ ಸುತ್ತುವುದೆಲ್ಲ ಈ ಪ್ರಶ್ನೆಯ ಸುತ್ತ. ಅದನ್ನು ಹಿಡಿಯಬೇಕಾದರೆ ಕಥೆಗಿಂತ ಮೊದಲು ಸರಕನ್ನು ನೋಡಬೇಕು.

ರಣಬೀರ್ ಮಾಡಿದ ಹರ್‌ಪ್ರೀತ್ ಸಿಂಗ್ ಬೇಡಿ ಸೇರುವ ಕಂಪನಿ ಎವೈಎಸ್. ‘ಅಟ್ ಯುವರ್ ಸರ್ವಿಸ್’ ಅಂತ ಅದರ ವಿಸ್ತಾರ. ಇಡೀ ಆಫೀಸಿನಲ್ಲಿ ಎಲ್ಲರಿಗಿಂತ ಕೊನೆಗೆ ನೆನಪಾಗುವುದು ಸರ್ವಿಸ್ಸೇ. ಮಾರುವುದು ಕಂಪ್ಯೂಟರ್. ಬಿಡಿಭಾಗ ತಂದು ಜೋಡಿಸಿ ಕೊಡುವ ವ್ಯಾಪಾರದಲ್ಲಿ ಗುಟ್ಟು ಅನ್ನುವುದು ಏನೂ ಇಲ್ಲ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್‌ಡಿಸ್ಕ್, ಕ್ಯಾಬಿನೆಟ್, ಅದರೊಳಗಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ), ಮಾನಿಟರ್, ಕೀಬೋರ್ಡ್, ಮೌಸ್. ಊರಿನ ಎಲ್ಲ ಡೀಲರ್‌ಗಳೂ ಇವನ್ನು ಅದೇ ನಾಲ್ಕಾರು ಡಿಸ್ಟ್ರಿಬ್ಯೂಟರ್‌ಗಳ ಹತ್ತಿರ, ಹೆಚ್ಚುಕಡಿಮೆ ಅದೇ ರೇಟಿಗೆ ತರುತ್ತಾರೆ. ಹಾಗಾಗಿ ಇಬ್ಬರ ಕೋಟೇಶನ್ ನಡುವೆ ವ್ಯತ್ಯಾಸ ನೂರು ರೂಪಾಯಿಗಳಲ್ಲಿರುತ್ತದೆ, ಸಾವಿರಗಳಲ್ಲಲ್ಲ. ಸಾವಿರಗಳಲ್ಲಿದ್ದರೆ ಯಾರೋ ಎಸ್‌ಎಂಪಿಎಸ್‌ನಲ್ಲಿ ಕೈಯಾಡಿಸಿದ್ದಾರೆ ಅಂತಲೇ ತಿಳಿಯಿರಿ. ಮೇಲೆ 450 ವ್ಯಾಟ್ ಅಂತ ಸ್ಟಿಕ್ಕರ್, ಒಳಗೆ ತೂಕವೇ ಇಲ್ಲದ ಡಬ್ಬ. ಗಿರಾಕಿಗೆ ಕಾಣದ ಭಾಗ ಅದು. ಮೊದಲು ಸಾಯುವುದೂ ಅದೇ.

ಲೆಕ್ಕಕ್ಕೆ ಒಂದು ಮಷಿನ್ ಬೆಲೆ 25,000 ರೂಪಾಯಿ, ಅಸಲು 23,000 ಅಂತಿಟ್ಟುಕೊಳ್ಳೋಣ. ಉಳಿಯುವುದು 2,000. ಹರ್‌ಪ್ರೀತನ ಕೆಲಸಕ್ಕೆ ಕುತ್ತು ತರುವ ದೃಶ್ಯವನ್ನು ಈ 2,000 ಕೈಯಲ್ಲಿ ಹಿಡಿದು ನೋಡಬೇಕು. ಗಿರಾಕಿಯ ಕಡೆಯವನು ಆರ್ಡರ್ ಕೊಡಲು ತನ್ನ ಪಾಲು ಕೇಳುತ್ತಾನೆ. ಹುಡುಗ ದಂಗಾಗಿ ದೂರು ಬರೆಯುತ್ತಾನೆ. ಆರ್ಡರ್ ಹೋಗುತ್ತದೆ, ಬಾಸ್ ಪುರಿ ಎಲ್ಲರೆದುರು ಮಾನ ಕಳೆಯುತ್ತಾನೆ, ಹರ್‌ಪ್ರೀತ್ ಆಫೀಸಿನಲ್ಲೇ ಮೂಲೆಗುಂಪಾಗುತ್ತಾನೆ, ಸಹೋದ್ಯೋಗಿಗಳು ಕಾಗದದ ರಾಕೆಟ್ ಎಸೆಯುತ್ತಾರೆ.

ನೂರು ಮಷಿನ್‌ನ ಆರ್ಡರ್ ಅಂದರೆ 25 ಲಕ್ಷ. ಶೇ. 5 ಕಮಿಷನ್ ಕೊಟ್ಟರೆ 1,25,000. ಒಟ್ಟು ಲಾಭವೇ 2 ಲಕ್ಷ. ಕೈಗೆ ಉಳಿಯುವುದು 75,000. ಮೂರು ವರ್ಷ ವಾರಂಟಿ ಕೊಡುವುದಾಗಿ ಒಪ್ಪಿದ್ದರೆ ಒಂದು ಮಷಿನ್‌ನ ಸರ್ವಿಸ್‌ಗೆ ವರ್ಷಕ್ಕೆ ಸಿಗುವುದು 250 ರೂಪಾಯಿ. ಟೆಕ್ನಿಷಿಯನ್ ಒಮ್ಮೆ ಗಾಡಿ ಏರಿ ಹೋಗಿ ಬಂದರೆ ಅರ್ಧ ದಿನದ ಸಂಬಳ ಮತ್ತು ಪೆಟ್ರೋಲಿಗೇ ಅದು ಮುಗಿಯಿತು. ಆಮೇಲೆ ಬರುವ ಕಂಪ್ಲೇಂಟ್‌ಗಳಿಗೆ ‘ಇಂಜಿನಿಯರ್ ಫೀಲ್ಡ್‌ನಲ್ಲಿದಾರೆ ಸರ್’ ಅನ್ನುವ ಉತ್ತರ ಹುಟ್ಟುವುದು ಇಲ್ಲಿಂದ. ಲಂಚದ ದುಡ್ಡು ಮಾಲೀಕನ ಜೇಬಿನಿಂದ ಹೋಗುವುದಿಲ್ಲ, ಸರ್ವಿಸ್ ಖಾತೆಯಿಂದ ಹೋಗುತ್ತದೆ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕಥೆಯ ಎರಡನೇ ಅರ್ಧ ನಿಂತಿರುವುದು ಇದರ ಮೇಲೆಯೇ.

ಹರ್‌ಪ್ರೀತ್ ಮಾಡಿದ್ದು ಸರಿಯೇ? ನೀತಿಯಲ್ಲಿ ಸರಿ, ಕಸುಬಿನಲ್ಲಿ ಅವಸರ. ಒಂದು ಕಂಪನಿಗೆ ಮಾರುವುದು ಅಂದರೆ ನಾಲ್ಕು ಜನರಿಗೆ ಮಾರುವುದು: ಬಳಸುವವನು, ತಾಂತ್ರಿಕವಾಗಿ ಒಪ್ಪುವವನು, ರೇಟು ಕಟ್ಟುವವನು, ಚೆಕ್ಕಿಗೆ ಸಹಿ ಹಾಕುವವನು. ಕಮಿಷನ್ ಕೇಳುವವನು ಸಾಮಾನ್ಯವಾಗಿ ಮೂರನೆಯವನು. ಅವನ ಬಲವಿರುವುದು ಮೂರು ಕೋಟೇಶನ್‌ಗಳನ್ನು ಪಕ್ಕಪಕ್ಕ ಇಡುವ ಕಾಗದದಲ್ಲಿ. ಎಷ್ಟೋ ಸಲ ಅದರಲ್ಲಿ ಎರಡು ‘ಸಪೋರ್ಟ್ ಕೋಟೇಶನ್’, ಅಂದರೆ ಗೆಲ್ಲಬೇಕಾದ ಪಾರ್ಟಿಯೇ ಬೇರೆ ಲೆಟರ್‌ಹೆಡ್‌ನಲ್ಲಿ ತಂದುಕೊಟ್ಟದ್ದು. ಒಂದೇ ಕಾಗುಣಿತದ ತಪ್ಪು ಮೂರರಲ್ಲೂ ಇದ್ದರೆ ಗುರುತು ಸಿಕ್ಕಂತೆ. ಇಂಥ ಕಡೆ ದೂರಿಗಿಂತ ಕೆಲಸಕ್ಕೆ ಬರುವುದು ಬೇರೆ ದಾರಿ. ಪ್ರತಿ ಭಾಗದ ಮೇಕ್ ಮತ್ತು ಮಾಡೆಲ್ ನಂಬರ್ ಬರೆದ ಕೋಟೇಶನ್ ಕೊಡಬೇಕು, ಕಂಪ್ಲೇಂಟ್ ಬಂದರೆ ಎಷ್ಟು ಗಂಟೆಯಲ್ಲಿ ಬರುತ್ತೇವೆ ಅನ್ನುವುದನ್ನು ಅದರಲ್ಲೇ ಬರೆಯಬೇಕು, ಒಂದು ಪ್ರತಿ ಬಳಸುವವನ ಕೈಗೂ ಮುಟ್ಟಿಸಬೇಕು. ಕೆಟ್ಟ ಕಂಪ್ಯೂಟರ್ ಮುಂದೆ ಕೂತು ಬೈಸಿಕೊಳ್ಳುವವನು ಅವನೇ ಆದ್ದರಿಂದ ಅವನು ಸುಮ್ಮನಿರುವುದಿಲ್ಲ. ಪ್ರತಿ ಸಲ ಗೆಲ್ಲುವ ಉಪಾಯವೇನಲ್ಲ, ಹತ್ತರಲ್ಲಿ ಆರು ಕಡೆ ಬಾಗಿಲು ಮುಚ್ಚೇ ಇರುತ್ತದೆ. ಇನ್ನು ಕಾನೂನಿನ ಮಾತು: 1988ರ ಭ್ರಷ್ಟಾಚಾರ ತಡೆ ಕಾಯ್ದೆ ಸಾರ್ವಜನಿಕ ಸೇವಕರನ್ನು ಕುರಿತದ್ದು. ಖಾಸಗಿ ಕಂಪನಿಯ ಪರ್ಚೇಸ್ ಆಫೀಸರ್ ಸಾಮಾನ್ಯವಾಗಿ ಅದರ ಬಲೆಗೆ ಬೀಳುವುದಿಲ್ಲ.

ಎವೈಎಸ್‌ನ ಸೇಲ್ಸ್ ಹಾಲ್ ಚಿತ್ರದ ಅತ್ಯಂತ ನಿಜವಾದ ಜಾಗ. ನಿತಿನ್ ರಾಥೋಡ್ ಪಾತ್ರ (ನವೀನ್ ಕೌಶಿಕ್) ಕೆಟ್ಟವನಂತೆ ಶುರುವಾಗುತ್ತದೆ. ಅವನು ಕೆಟ್ಟವನಲ್ಲ, ಟಾರ್ಗೆಟ್ಟಿನ ಕೈಗೆ ಸಿಕ್ಕವನು. ತಿಂಗಳಿಗೆ 5 ಲಕ್ಷದ ಟಾರ್ಗೆಟ್ ಅಂದರೆ ನಮ್ಮ ಲೆಕ್ಕದಲ್ಲಿ 20 ಮಷಿನ್. ಒಂದು ಆರ್ಡರ್‌ಗೆ ಸರಾಸರಿ 4 ಅಂದರೂ ಐದು ಆರ್ಡರ್ ಬೇಕು. ನೂರು ಫೋನಿಗೆ ಒಂದು ಆರ್ಡರ್ ಬಿದ್ದರೆ ಅದು ಒಳ್ಳೆಯ ತಿಂಗಳು ಅಂತಿಟ್ಟುಕೊಳ್ಳಿ; ಐನೂರು ಫೋನು, 25 ಕೆಲಸದ ದಿನಕ್ಕೆ ದಿನವೂ 20. ಕೇಳಲು ಸುಲಭ. ಆದರೆ ಕೋಟೇಶನ್, ಭೇಟಿ, ಹಳೆಯ ಬಾಕಿ ವಸೂಲಿ ಎಲ್ಲ ಅದೇ ಎಂಟು ಗಂಟೆಯೊಳಗೆ ಆಗಬೇಕು. ಇಪ್ಪತ್ತನೇ ತಾರೀಖಿನ ಹೊತ್ತಿಗೆ ಅರ್ಧವೂ ಆಗಿರುವುದಿಲ್ಲ. ಆಗ ಬಾಯಿಂದ ಬರುವುದು ‘ನಾಳೆ ಸಂಜೆಯೊಳಗೆ ಡೆಲಿವರಿ’, ‘24 ಗಂಟೆ ಸಪೋರ್ಟ್’, ‘ಎಲ್ಲ ಫ್ರೀ’. ಇನ್ಸೆಂಟಿವ್ ಸಿಗುವುದು ಬಿಲ್ ಆದಾಗ. ಮಾತು ಮುರಿದಾಗ ಬೈಸಿಕೊಳ್ಳುವುದು ಸರ್ವಿಸ್‌ನವನು. ಇನ್ಸೆಂಟಿವನ್ನು ಎರಡು ಭಾಗ ಮಾಡಿ, ಅರ್ಧ ಬಿಲ್ ಆದಾಗ, ಇನ್ನರ್ಧ ಪೇಮೆಂಟ್ ಬಂದು ಮೂರು ತಿಂಗಳ ಕಂಪ್ಲೇಂಟ್‌ಗಳೆಲ್ಲ ಬಗೆಹರಿದ ಮೇಲೆ ಕೊಟ್ಟರೆ ಸುಳ್ಳು ತಾನಾಗಿ ಇಳಿಯುತ್ತದೆ. ಪುರಿಯಂಥ ಬಾಸ್ ಇದನ್ನು ಮಾಡುವುದಿಲ್ಲ, ಯಾಕೆಂದರೆ ತಿಂಗಳ ಚಾರ್ಟ್ ಕೆಳಗೆ ಬರುತ್ತದೆ. ಮನೀಶ್ ಚೌಧರಿ ಆ ಪಾತ್ರವನ್ನು ದನಿ ಏರಿಸದೆ ಮಾಡಿದ್ದಾರೆ. ಮೆಲ್ಲಗೆ ಮಾತಾಡುವ ಬಾಸ್‌ಗೆ ಹೆದರಿದವರಿಗೆ ಅದರ ಬೆಲೆ ಗೊತ್ತು.

ಎವೈಎಸ್‌ನ ಹೊಟ್ಟೆಯೊಳಗೇ ಹರ್‌ಪ್ರೀತ್ ಕದ್ದುಮುಚ್ಚಿ ತನ್ನದೇ ಕಂಪನಿ ‘ರಾಕೆಟ್ ಸೇಲ್ಸ್ ಕಾರ್ಪೊರೇಷನ್’ ಹುಟ್ಟಿಸುತ್ತಾನೆ. ಜೊತೆಗಾರರನ್ನು ನೋಡಿ: ರಿಸೆಪ್ಷನ್‌ನ ಕೊಯ್ನಾ (ಗೌಹರ್ ಖಾನ್), ಮಷಿನ್ ಜೋಡಿಸುವ ಗಿರಿ (ಡಿ. ಸಂತೋಷ್), ಚಹಾ ಕೊಡುವ ಛೋಟೇಲಾಲ್ ಮಿಶ್ರಾ (ಮುಕೇಶ್ ಭಟ್), ಕೊನೆಗೆ ನಿತಿನ್ ಕೂಡ. ಜಾಣ ಆಯ್ಕೆ. ಯಾವುದೇ ಆಫೀಸಿನಲ್ಲಿ ಅತಿ ಒಳ್ಳೆಯ ಲೀಡ್ ಲಿಸ್ಟ್ (ಮುಂದೆ ಗಿರಾಕಿಯಾಗಬಲ್ಲವರ ಪಟ್ಟಿ) ಇರುವುದು ಸೇಲ್ಸ್ ಮ್ಯಾನೇಜರ್ ಹತ್ತಿರವಲ್ಲ, ಕಂಪ್ಲೇಂಟ್ ಫೋನ್ ಎತ್ತುವವಳ ಹತ್ತಿರ. ಮೂರು ಸಲ ಫೋನ್ ಮಾಡಿ ಉತ್ತರ ಸಿಗದ ಗಿರಾಕಿ ಬೇರೆಯವರಿಗೆ ಹೋಗಲು ತಯಾರಾಗಿ ಕೂತಿರುತ್ತಾನೆ. ಯಾವ ಬ್ಯಾಚಿನ ಬೋರ್ಡ್ ಯಾವಾಗ ಕೈಕೊಡುತ್ತದೆ ಅನ್ನುವುದು ಜೋಡಿಸಿದವನಿಗೆ ಗೊತ್ತು. ಚಹಾ ಕೊಡುವವನು ಕ್ಯಾಬಿನ್ನಿನೊಳಗೆ ಯಾರಿಗೂ ಕಾಣದಂತೆ ನಿಂತಿರುತ್ತಾನೆ. ಇವರೆಲ್ಲ ಸಂಬಳದವರಲ್ಲ, ಪಾಲುದಾರರು. ಪಾಲು ಇದ್ದವನು ಮಾತ್ರ ರಾತ್ರಿ ಹತ್ತಕ್ಕೆ ಬಂದ ಫೋನಿಗೆ ಎದ್ದು ಹೋಗುತ್ತಾನೆ.

ಹೊತ್ತಲ್ಲದ ಹೊತ್ತಿನಲ್ಲಿ ಸರ್ವಿಸ್ ಕೊಡುವುದು ಪುಣ್ಯದ ಕೆಲಸವೇನಲ್ಲ, ಸ್ಟಾಕಿನ ಕೆಲಸ. ಕೆಡುವುದು ಯಾವುದು ಅನ್ನುವುದು ಮೊದಲೇ ಗೊತ್ತಿರುತ್ತದೆ. ಕರೆಂಟ್ ಏರಿಳಿತಕ್ಕೆ ಎಸ್‌ಎಂಪಿಎಸ್ ಸುಡುತ್ತದೆ. ರ‍್ಯಾಮಿನ ಕಾಲುಗಳಿಗೆ ಕಿಲುಬು ಹಿಡಿದು ಮಷಿನ್ ಬೀಪ್ ಹೊಡೆಯುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ. ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದರೆ ತಾರೀಖು ಹಿಂದಕ್ಕೆ ಹೋಗಿ ಬಿಲ್ಲಿಂಗ್ ಸಾಫ್ಟ್‌ವೇರ್ ತಕರಾರು ಎತ್ತುತ್ತದೆ, ಗಿರಾಕಿ ಮಾತ್ರ ‘ವೈರಸ್’ ಅನ್ನುತ್ತಾನೆ. ಫ್ಯಾನಿಗೆ ಧೂಳು ತುಂಬಿ ಪ್ರೊಸೆಸರ್ ಬಿಸಿಯೇರುತ್ತದೆ, ಮಷಿನ್ ತಾನಾಗಿ ಆಫ್ ಆಗುತ್ತದೆ. ಇನ್ನೂರು ಮಷಿನ್ ಮಾರಿದವನ ಚೀಲದಲ್ಲಿ ನಾಲ್ಕೈದು ಎಸ್‌ಎಂಪಿಎಸ್, ಮೂರು ರ‍್ಯಾಮ್, ಎರಡು ಹಾರ್ಡ್‌ಡಿಸ್ಕ್, ಒಂದಷ್ಟು ಬ್ಯಾಟರಿ, ಕೀಬೋರ್ಡ್ ಇರಬೇಕು. ಅಂಗಡಿಯಲ್ಲಿ ಆರೇಳು ಸ್ಟ್ಯಾಂಡ್‌ಬೈ ಮಷಿನ್. ಕೆಟ್ಟ ಭಾಗವನ್ನು ಡಿಸ್ಟ್ರಿಬ್ಯೂಟರ್‌ಗೆ ಕಳಿಸಿದರೆ ಬದಲಿ ಬರಲು ವಾರಗಳೇ ಹಿಡಿಯಬಹುದು, ಗಿರಾಕಿ ಅಷ್ಟು ಕಾಯುವುದಿಲ್ಲ. ಆ ನಡುವಿನ ದಿನಗಳನ್ನು ತುಂಬುವುದಕ್ಕೇ ಸ್ಟ್ಯಾಂಡ್‌ಬೈ. ಹಾರ್ಡ್‌ಡಿಸ್ಕ್ ಬದಲಿಸುವ ಮುಂಚೆ ಡೇಟಾ ಬ್ಯಾಕಪ್ ಬಗ್ಗೆ ಬರೆದು ಸಹಿ ತೆಗೆದುಕೊಳ್ಳಬೇಕು. ಇದನ್ನು ಮರೆತವನು ಒಂದೇ ದಿನದಲ್ಲಿ ಹತ್ತು ವರ್ಷದ ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ.

ಚಿತ್ರ ಜಾರಿಕೊಂಡದ್ದು ಬಂಡವಾಳದ ವಿಷಯದಲ್ಲಿ. ಡಿಸ್ಟ್ರಿಬ್ಯೂಟರ್ ಹೊಸಬನಿಗೆ ಸರಕು ಕೊಡುವುದು ಚೆಕ್ ಕೈಗೆ ಬಂದ ಮೇಲೆ. ಗಿರಾಕಿ ಕೊಡುವುದು 45 ದಿನದ ನಂತರ. ತಿಂಗಳಿಗೆ 20 ಮಷಿನ್ ಮಾರಿದರೆ ಒಂದೂವರೆ ತಿಂಗಳಿಗೆ 30, ಅಸಲು 6,90,000 ರೂಪಾಯಿ ಹೊರಗೆ ಸಿಕ್ಕಿಕೊಂಡಿರುತ್ತದೆ. ತಿಂಗಳ ಲಾಭ 40,000. ವ್ಯಾಪಾರ ಬೆಳೆದಷ್ಟೂ ಕೈ ಖಾಲಿ. ಒಬ್ಬ ಗಿರಾಕಿ 20 ಮಷಿನ್ ತಗೊಂಡು ಕೈಯೆತ್ತಿದರೆ 4,60,000 ನಷ್ಟ. ಅದನ್ನು ತುಂಬಲು 230 ಮಷಿನ್ ಮಾರಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಿಕ್ಕಿಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆ ಸಣ್ಣ ಸರಬರಾಜುದಾರರಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅನ್ನುತ್ತದೆ. ನೋಟಿಸ್ ಕಳಿಸಿದ ಮೇಲೆ ಆ ಗಿರಾಕಿಯ ಮುಂದಿನ ಆರ್ಡರ್ ಬರುವುದಿಲ್ಲ ಅನ್ನುವುದು ಕಾಯ್ದೆಯಲ್ಲಿ ಬರೆದಿಲ್ಲ, ಅಷ್ಟೇ.

ಇನ್ನೊಂದು ತೊಡಕಿದೆ. ನಾಲ್ಕೈದು ಜನ ಸೇರಿ ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡಲು 1932ರ ಪಾಲುದಾರಿಕೆ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲ. ಆದರೆ ಅದರ 69ನೇ ಕಲಂ ಪ್ರಕಾರ ನೋಂದಣಿಯಿಲ್ಲದ ಫರ್ಮು ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಕದ್ದುಮುಚ್ಚಿ ಕಟ್ಟಿದ ಕಂಪನಿ ರಿಜಿಸ್ಟ್ರಾರ್ ಬಾಗಿಲಿಗೆ ಹೋಗುವುದಾದರೂ ಹೇಗೆ? ಅದು ಮೌಲ್ಯವರ್ಧಿತ ತೆರಿಗೆಯ (ವ್ಯಾಟ್) ಕಾಲ ಬೇರೆ. ಟಿನ್ ನಂಬರ್ (ತೆರಿಗೆ ನೋಂದಣಿಯ ಸಂಖ್ಯೆ) ಇಲ್ಲದ ಬಿಲ್ಲನ್ನು ದೊಡ್ಡ ಗಿರಾಕಿಯ ಅಕೌಂಟ್ಸ್‌ನವರು ಮುಟ್ಟುತ್ತಲೇ ಇರಲಿಲ್ಲ, ಅವರಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಬೇಕಿತ್ತು.

ಉಂಡ ಮನೆಯ ಗಳ ಎಣಿಸಿದ ಮಾತು ಬಂದೇ ಬರುತ್ತದೆ. ಸಂಬಳ ಎಣಿಸಿಕೊಳ್ಳುತ್ತಲೇ ಅದೇ ಆಫೀಸಿನ ಕುರ್ಚಿಯಲ್ಲಿ ಕೂತು ಪ್ರತಿಸ್ಪರ್ಧಿ ಕಂಪನಿ ನಡೆಸುವುದು ತಪ್ಪೇ. ಫೋನು, ಕರೆಂಟಿನ ಖರ್ಚು ತೂಗಿ ವಾಪಸ್ ಕೊಟ್ಟರೂ ಗಿರಾಕಿಯ ಮಾಹಿತಿಗೆ, ಸಂಬಳದ ಗಂಟೆಗಳಿಗೆ ರಸೀತಿ ಇಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಕೆಲಸ ಬಿಟ್ಟವನ ಪರ: ಬಿಟ್ಟಮೇಲೆ ಅದೇ ವ್ಯಾಪಾರ ಮಾಡಬೇಡ ಅನ್ನುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೆಲಸದಲ್ಲಿ ಇರುವಾಗ ಆ ರಕ್ಷಣೆ ಇಲ್ಲ. ರಾಜೀನಾಮೆ ಕೊಟ್ಟು ಮಾರನೆಯ ದಿನ ಶುರುಮಾಡಿದ್ದರೆ ಹರ್‌ಪ್ರೀತನ ತಲೆ ಎತ್ತಿದಂತೆಯೇ ಇರುತ್ತಿತ್ತು. ಸಿನಿಮಾ ಮಾತ್ರ ಇರುತ್ತಿರಲಿಲ್ಲ.

ಸಿಕ್ಕಿಬಿದ್ದ ಮೇಲೆ ರಾಕೆಟ್ ಸೇಲ್ಸ್ ಪುರಿಯ ಪಾಲಾಗುತ್ತದೆ. ಚಿತ್ರ ನಿಜಕ್ಕೂ ಗೆಲ್ಲುವುದು ಇಲ್ಲಿಂದ ಮುಂದೆ. ಪುರಿಗೆ ಸಿಕ್ಕಿದ್ದು ಹೆಸರು, ಫೋನ್ ನಂಬರ್, ಗಿರಾಕಿಗಳ ಪಟ್ಟಿ. ಆ ಗಿರಾಕಿಗಳಿಗೋ ಕೊಟ್ಟ ಮಾತಿನ ಅಭ್ಯಾಸವಾಗಿದೆ, ರಾತ್ರಿಯೂ ಫೋನ್ ಮಾಡುತ್ತಾರೆ. ಎವೈಎಸ್‌ನಲ್ಲಿ ಚೀಲ ಹಿಡಿದು ಹೊರಡುವವರು ಯಾರೂ ಇಲ್ಲ, ಹೊರಟರೂ ಅವರ ಇನ್ಸೆಂಟಿವ್‌ಗೆ ಅದು ಸೇರುವುದಿಲ್ಲ. ನೂರಾರು ಫೋನಿನ ನಡುವೆ ಕೂತ ಕಂಪನಿಗೆ ಬೆರಳೆಣಿಕೆ ಜನ ಕೊಟ್ಟಿದ್ದ ಮಾತನ್ನು ಉಳಿಸಿಕೊಳ್ಳಲಾಗದೆ, ಕೊನೆಗೆ ಪುರಿಯೇ ಬಂದು ಕಂಪನಿಯನ್ನು ಹರ್‌ಪ್ರೀತನಿಗೆ ಹಿಂದಿರುಗಿಸುತ್ತಾನೆ.

ಪರದೆ ಅಲ್ಲಿಗೆ ಮುಚ್ಚುತ್ತದೆ. ವಾಪಸ್ ಬಂದ ಕಂಪನಿಯ ಜೊತೆ ತೀರದ ಕಂಪ್ಲೇಂಟ್‌ಗಳ ರಾಶಿಯೂ ಬಂದಿರುತ್ತದೆ ಅನ್ನುವುದು ಈ ಲೈನಿನವರಿಗೆ ಗೊತ್ತು. ಮೊದಲ ವಾರ ಒಂದೂ ಕೋಟೇಶನ್ ಹೋಗಬಾರದು. ಕೊಯ್ನಾ ಹಳೆಯ ತಾರೀಖಿನಿಂದ ಪಟ್ಟಿ ಮಾಡಬೇಕು, ಗಿರಿ ಎಸ್‌ಎಂಪಿಎಸ್ ತುಂಬಿದ ಚೀಲ ಏರಿಸಬೇಕು, ಹರ್‌ಪ್ರೀತ್ ಗಾಡಿ ಸ್ಟಾರ್ಟ್ ಮಾಡಬೇಕು.